ನಾನು ಸರಿಪಡಿಸಿದ ನಿನ್ನ ಅಜ್ಜಿ

ನನ್ನ ಸಿಡುಕಿ,

ಈ ಹೆಸರಿಗೆ ಮೊದಲು ಮೂತಿ ಉಬ್ಬಿಸು, ಆಮೇಲೆ ಓದು. ಮೂರು ಶನಿವಾರ ಆಯಿತು, ನೀನು ಕೋಡಿಂಗ್ ಕ್ಲಾಸಿಗೆ ಬಂದಿಲ್ಲ. ಫೋನ್ ಮಾಡಿದಾಗಲೆಲ್ಲ ನಿಮ್ಮಪ್ಪ "ಬಾತ್‌ರೂಮಲ್ಲಿದ್ದಾಳೆ ಮೇಡಂ" ಅನ್ನುತ್ತಾರೆ. ಮೂರು ವಾರ ಯಾರಾದರೂ ಬಾತ್‌ರೂಮಿನಲ್ಲಿ ಇರುತ್ತಾರಾ? ಅದಕ್ಕೇ ಈ ಕಾಗದ. ನಾನು ಓದಿದ್ದು ಇಂಗ್ಲಿಷ್ ಮೀಡಿಯಂ, ಕಾಗುಣಿತ ತಪ್ಪಿದ್ದರೆ ನಗು. ನೀನು ನಕ್ಕರೆ ನನಗೆ ಅಷ್ಟೇ ಸಾಕು.

ನಿಮ್ಮ ಪ್ರಾಜೆಕ್ಟುಗಳ ಪ್ರದರ್ಶನವಿದ್ದ ಆ ವಾರ ನಾನು ಹೇಗಿದ್ದೆ ಅಂತ ನಿನಗೆ ಗೊತ್ತು. ಮದುವೆಯಾಗಿ ಹದಿನೇಳೇ ದಿನ! ಬೋರ್ಡಿನ ಮೇಲೆ 'ರಿಪೀಟ್' ಬರೆಯಲು ಹೋಗಿ ಗಂಡನ ಹೆಸರು ಬರೆದಿದ್ದೆ, ನೀವೆಲ್ಲ ಬೆಂಚು ಬಡಿದು ನಕ್ಕಿದ್ದಿರಿ. ಕಾಲು ನೆಲದ ಮೇಲೆ ಇರಲಿಲ್ಲ ನನಗೆ. ಸರಿಯಿಲ್ಲದ್ದು ಏನಿದ್ದರೂ ಐದು ನಿಮಿಷದಲ್ಲಿ ಸರಿ ಮಾಡಿಬಿಡಬಹುದು ಅನ್ನಿಸುತ್ತಿತ್ತು.

ಪ್ರದರ್ಶನದ ಹಿಂದಿನ ಸಂಜೆ, ನೀವೆಲ್ಲ ಮನೆಗೆ ಹೋದ ಮೇಲೆ, ಒಂದೊಂದೇ ಪ್ರಾಜೆಕ್ಟ್ ತೆರೆದು ನೋಡಿದೆ. ನಿನ್ನದರಲ್ಲಿ ಕುರ್ಚಿಯ ಮೇಲೆ ಅಜ್ಜಿಯೊಬ್ಬಳು. ಪುಟ್ಟ ಹುಡುಗಿ ಬಂದು "ನಾನ್ಯಾರು ಹೇಳಜ್ಜಿ?" ಅಂತ ಕೇಳುತ್ತಾಳೆ. ಅಜ್ಜಿ "ಹಾಲಿನವಳು" ಅಂದಳು. ಮತ್ತೆ ಕ್ಲಿಕ್ ಮಾಡಿದೆ. "ನರ್ಸು." ಮತ್ತೆ. "ಪಕ್ಕದ್ಮನೆಯವಳು." ನೋಡಿದರೆ, ಉತ್ತರಗಳ ಪಟ್ಟಿಯಿಂದ ಯಾವುದೋ ಒಂದನ್ನು ಕಣ್ಣುಮುಚ್ಚಿ ಎತ್ತಿಕೊಡುವ ಆಜ್ಞೆಯ ಬ್ಲಾಕನ್ನು ನೀನು ಅಲ್ಲಿ ಜೋಡಿಸಿದ್ದೆ. ಪಾಪ, ಅವಸರದಲ್ಲಿ ತಪ್ಪು ಬ್ಲಾಕ್ ಎಳೆದಿದ್ದಾಳೆ ಅಂದುಕೊಂಡೆ. ಅದನ್ನು ಕಿತ್ತೆ, ಪಟ್ಟಿಯನ್ನೂ ಅಳಿಸಿದೆ. "ನೀನು ನನ್ನ ಮೊಮ್ಮಗಳು" ಎಂಬ ಒಂದೇ ಉತ್ತರ ಇಟ್ಟೆ. ಸರಿ ಉತ್ತರಕ್ಕೆಂದು ನೀನು ಇಟ್ಟಿದ್ದ ನಕ್ಷತ್ರಗಳು ಪರದೆ ತುಂಬ ಸಿಡಿದವು. ಎಷ್ಟು ಚೆಂದ! ಸೇವ್ ಮಾಡಿ, ಹಾಡು ಗುನುಗುತ್ತ ಮನೆಗೆ ಹೋದೆ.

ಮರುದಿನ ನಿನ್ನ ನಿಜವಾದ ಅಜ್ಜಿ ಮುಂದಿನ ಸಾಲಿನಲ್ಲಿ ಕೂತಿದ್ದರು. ನೀನು ಕ್ಲಿಕ್ ಮಾಡಿದೆ. ನಕ್ಷತ್ರ. ಮತ್ತೆ ಮಾಡಿದೆ. ಮತ್ತೆ ನಕ್ಷತ್ರ. ಎಲ್ಲರೂ ಚಪ್ಪಾಳೆ ಹೊಡೆದರು. ನೀನು ಮಾತ್ರ "ಇದು ಸುಳ್ಳು! ನಮ್ಮಜ್ಜಿ ಹೀಗಲ್ಲ!" ಅಂತ ಕಿರುಚಿ ಹೊರಗೆ ಓಡಿದೆ. ಆಮೇಲೆ ನಿಮ್ಮಪ್ಪ ಹೇಳಿದರು. ಅಜ್ಜಿಗೆ ಮರೆವಿನ ಕಾಯಿಲೆಯಂತೆ. ಸ್ಕೂಲಿಂದ ಬಂದು ದಿನಾ ನೀನು ಇದೇ ಪ್ರಶ್ನೆ ಕೇಳುತ್ತೀಯಂತೆ. ಎಂದೋ ಒಂದು ಸಲ ಸರಿ ಉತ್ತರ ಬಂದರೆ, ಆ ದಿನ ಅಜ್ಜಿ ಮೊಮ್ಮಗಳು ಮನೆಯಿಡೀ ಕುಣಿಯುತ್ತೀರಂತೆ. ಆ ಒಂದು ಸಲಕ್ಕೆಂದೇ ನೀನು ನಕ್ಷತ್ರ ಕೂಡಿಟ್ಟಿದ್ದೆ. ನಾನು ಪ್ರತಿ ಸಲಕ್ಕೂ ಚೆಲ್ಲಿಬಿಟ್ಟೆ.

ಮನೆಗೆ ಹೋಗಿ ಬಿಕ್ಕಿಬಿಕ್ಕಿ ಅತ್ತೆ. "ಅವಳನ್ನ ಒಂದು ಮಾತು ಕೇಳೋಕೆ ಏನಾಗಿತ್ತು ನಿಂಗೆ?" ಅಂದರು ನಮ್ಮವರು. ಏನೂ ಆಗಿರಲಿಲ್ಲ. ಖುಷಿಯಲ್ಲಿದ್ದೆ, ಅಷ್ಟೇ.

ಆ ಬ್ಲಾಕನ್ನು ಮತ್ತೆ ಹಾಕಿದ್ದೇನೆ. ಪಟ್ಟಿಯನ್ನು ಖಾಲಿ ಬಿಟ್ಟಿದ್ದೇನೆ. ಅದರಲ್ಲಿ ಇನ್ನೂ ಯಾರ್ಯಾರಿದ್ದರೋ ನನಗೆ ಗೊತ್ತಿಲ್ಲ. ಗೊತ್ತಿದ್ದರೂ ತುಂಬಬೇಕಾದವಳು ನಾನಲ್ಲ. ಈಗೀಗ ಸರಿ ಉತ್ತರ ಬರುವುದೇ ಅಪರೂಪ ಅಂದರು ನಿಮ್ಮಪ್ಪ. ಅದಕ್ಕೆ ಹಾಕುವ ಬ್ಲಾಕ್ ನನ್ನ ಹತ್ತಿರ ಇಲ್ಲ ಪುಟ್ಟಿ. ಆದರೂ ಶನಿವಾರ ಬಾ. ಬೈಯುವುದಿದ್ದರೆ ಎಲ್ಲರ ಮುಂದೆ ಬೈದುಬಿಡು. ಮೌಸ್ ನಿನ್ನ ಕೈಯಲ್ಲೇ ಇರಲಿ, ನಾನು ಕೈಕಟ್ಟಿಕೊಂಡು ಪಕ್ಕದಲ್ಲಿ ಕೂರುತ್ತೇನೆ.

ಈ ಕಾಗದ ನಿನ್ನ ಕೈ ಸೇರುವ ದಿನವಾದರೂ, ನೀನು ಕೇಳಿದಾಗ, ಅಜ್ಜಿ ನಿನ್ನ ಮುಖ ನೋಡಿ ಸರಿಯಾಗಿ ಹೇಳಲಿ.

ಕೇಳದೆ ಕೈ ಹಾಕಿದ
ನಿನ್ನ ಟೀಚರ್