ಮೂವತ್ತೇಳು ರೈಟು

ಜುಲೈ 20, ಭಾನುವಾರ

ನನ್ನ ಅಕ್ಷರಗಳು ಕೋಳಿ ಕೆದರಿದ ಹಾಗಿವೆ. ತಪ್ಪುಗಳೂ ಇರುತ್ತವೆ. ಯಾರೂ ಓದುವುದಿಲ್ಲ, ಆದರೂ ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಕಲಿತದ್ದು ನಾಲ್ಕನೇ ತರಗತಿ.

ರೊಟ್ಟಿ ಕಟ್ಟಿ ಆಯಿತು. ನಾಳೆ ಯಲಬುರ್ಗಾದಿಂದ ಬಸ್ಸು — ಶ್ರೀರಾಮನಗರದ ಕಡೆ ಭತ್ತ ನಾಟಿಗೆ. ಅವ್ವ, ಅಣ್ಣ ವಿರುಪಾಕ್ಷಿ, ಅವನ ಹೆಂಡತಿ ಸಹನಾ ವೈನಿ, ನಾನು. ವೈನಿಗೆ ಆರು ತಿಂಗಳು. ಸಂಜೆ ಆಶಾ ಕಾರ್ಯಕರ್ತೆ ಕಾಸೀಮಬೀ ಅಕ್ಕ ಬಂದು ರಕ್ತ ಏರಿಸುವ ಕೆಂಪು ಗುಳಿಗೆ ಕೊಟ್ಟಳು. ಜೊತೆಗೆ ಖಾನೆ ಹಾಕಿದ ಒಂದು ಹಾಳೆ. ವೈನಿ ಶಾಲೆಗೆ ಹೋದವಳಲ್ಲ. ಪೆನ್ನು ನನ್ನ ಕೈಗೆ ಬಂತು.

“ಸಹನಾ ಗುಳಿಗಿ ನುಂಗಿದ ಮ್ಯಾಲ ಒಂದು ಖಾನ್ಯಾಗ ಒಂದು ರೈಟ್ ಹಾಕವ್ವಾ ಗಂಗಾ. ಇನ್ನ ನೀನ ನಮ್ಮ ಡಾಕ್ಟರು.”

ನಾಚಿಕೆಯಾಯಿತು. ಖುಷಿಯೂ.

ಆಗಸ್ಟ್ 3, ಭಾನುವಾರ. ಗದ್ದೆ ಪಕ್ಕದ ಶೆಡ್ಡು

ಮೂರು ದಿನ ನುಂಗಿದಳು. ಮೂರು ರೈಟು ಹಾಕಿದೆ. ಆಮೇಲೆ ಕೆಸರಲ್ಲಿ ಬಗ್ಗಿದಾಗೆಲ್ಲ ವಾಂತಿ. ಅವ್ವ ಅಂದಳು, “ಬಿಡಬೇ ಅದನ್ನ. ಕೂಸು ದಪ್ಪ ಆದ್ರ ಹಡ್ಯಾಕ ಆಗೂದಿಲ್ಲ. ನಾ ಐದು ಹಡದೀನಿ, ಒಂದು ಗುಳಿಗಿ ಮುಟ್ಟಿಲ್ಲ.”

ಐದರಲ್ಲಿ ಉಳಿದದ್ದು ಅಣ್ಣ, ನಾನು.

ವೈನಿ ಗುಳಿಗೆಗಳನ್ನು ಕಾಲುವೆಗೆ ಎಸೆದಳು. “ಅಕ್ಕಗ ಹೇಳಬ್ಯಾಡ. ನನ್ನ ಆಣಿ ಐತಿ.”

ಇವತ್ತು ಗದ್ದೆ ಯಜಮಾನರ ಸೊಸೆಯನ್ನು ನೋಡಲು ಒಬ್ಬ ನರ್ಸಮ್ಮ ಬಂದಿದ್ದಳು. ವೈನಿ ತನ್ನ ಬಸುರಿನ ‘ತಾಯಿ ಕಾರ್ಡ್’ ಹಿಡಿದು ಹೋದಳು. “ಇದು ಯಲಬುರ್ಗಾ ಕಾರ್ಡ್ ಅಮ್ಮಾ, ನಿಮ್ಮೂರಾಗ ತೋರಿಸ್ರಿ.” ಪಕ್ಕದಲ್ಲೇ ನಿಂತಿದ್ದೆ. ಕಾರ್ಡ್ ಮಡಚಿ ಶೆಡ್ಡಿಗೆ ತಂದೆ.

ಆಗಸ್ಟ್ 29, ಶುಕ್ರವಾರ. ಊರು

ವೈನಿ ಬಸ್ಸಿಳಿದು ನಾಲ್ಕು ಹೆಜ್ಜೆಗೆ ಕೂತುಬಿಟ್ಟಳು. ಏದುಸಿರು. ಉಗುರು ಸುಣ್ಣದ ಹಾಗೆ.

ಸೋಮವಾರ ಕಾಸೀಮಬೀ ಅಕ್ಕ ಬರುತ್ತಾಳಂತೆ. ಹಾಳೆ ತೆಗೆದೆ. ನಲವತ್ತು ಖಾನೆ, ಮೂರು ರೈಟು. ಶಾಲೆಯಲ್ಲಿ ಖಾಲಿ ಪಾಟಿ ಹಿಡಿದು ನಿಂತದ್ದು, ಎಲ್ಲರೂ ನಕ್ಕದ್ದು... ಕೂತು ಮೂವತ್ತೇಳು ಹಾಕಿದೆ. ದಿನಾ ಹಾಕಿದ ಹಾಗೆ ಕಾಣಲಿ ಎಂದು ಕೆಲವನ್ನು ಸೊಟ್ಟಗೆ, ಕೆಲವನ್ನು ಒತ್ತಿ. ಅಷ್ಟು ಬುದ್ಧಿ ಎಲ್ಲಿಂದ ಬಂತೋ.

ಸೆಪ್ಟೆಂಬರ್ 1, ಸೋಮವಾರ

ಅಕ್ಕ ನನ್ನ ಗಲ್ಲ ಹಿಡಿದಳು. ಹಾಳೆಯನ್ನು ಅಂಗನವಾಡಿ ಮುಂದೆ ಎಲ್ಲರಿಗೂ ತೋರಿಸಿದಳು. “ನೋಡ್ರಿ, ಒಂದು ದಿನಾನೂ ತಪ್ಪಿಲ್ಲ!”

ಅಂಗನವಾಡಿಯ ಜರೀನಾ, “ಹಂಗಾರ ನಾಳಿಂದ ಸೂಜಿನೂ ಇಕಿನ ಮಾಡ್ಲಿ, ನಾವು ಮನ್ಯಾಗ ಮಲಗತೀವಿ” ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಆಮೇಲೆ ವೈನಿಯ ಬೆರಳು ಚುಚ್ಚಿದರು. ರಕ್ತ ಆರು ಪಾಯಿಂಟ್ ನಾಲ್ಕು. ಹನ್ನೊಂದು ಇರಬೇಕಂತೆ. ಅಕ್ಕ ಹಾಳೆ ನೋಡಿದಳು, ವೈನಿಯ ಮುಖ ನೋಡಿದಳು.

“ಇಷ್ಟು ನುಂಗಿದ ಮ್ಯಾಲೂ ಹೆಂಗಬೇ ಇದು?”

ಸೆಪ್ಟೆಂಬರ್ 3, ಬುಧವಾರ. ಕೊಪ್ಪಳದ ದೊಡ್ಡಾಸ್ಪತ್ರೆ, ಬೆಳಿಗ್ಗೆ 11

ಡಾಕ್ಟರಮ್ಮ ಹಾಳೆ ನೋಡುತ್ತಲೇ ಮಾತಾಡಿದರು. “ಗುಳಿಗೆ ಸರಿಯಾಗಿ ತಗೊಂಡೂ ರಕ್ತ ಏರಿಲ್ಲ ಅಂದ್ರೆ ಬೇರೆ ಏನೋ ಕಾಯಿಲೆ. ತಿಳಿಯದೆ ಕಬ್ಬಿಣದ ಔಷಧ ಏರಿಸೋಕಾಗಲ್ಲ. ಹುಬ್ಬಳ್ಳಿಗೆ ಬರೀತೀನಿ. ಇಷ್ಟು ರಕ್ತದಲ್ಲಿ ಹೆರಿಗೆ ಬಂದ್ರೆ ತಾಯಿ, ಮಗು ಇಬ್ಬರಿಗೂ ಕಷ್ಟ.”

ಅಣ್ಣ ಬಸ್ಸು ಕೇಳಲು ಓಡಿದ. ವೈನಿ ನನ್ನನ್ನು ನೋಡಿದಳು. ನಾನು ನೆಲ ನೋಡಿದೆ. ಅವ್ವ ಸೆರಗು ಕಚ್ಚಿ ಕೂತಳು. ಮೂವರಿಗೂ ಗೊತ್ತು.

ಮಧ್ಯಾಹ್ನ 3

ಹೇಳಿದೆ. ಬಾಗಿಲಲ್ಲಿ ನಿಂತು. “ಮೊದಲಿನ ಮೂರು ಖರೇ ಅದಾವ್ರಿ. ಉಳದದ್ದು ನಾ ಹಾಕಿದ್ದು. ಅಕಿ ನುಂಗಿಲ್ರಿ.”

ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹುಬ್ಬಳ್ಳಿ ಚೀಟಿ ಹರಿದರು. ಮತ್ತೊಮ್ಮೆ ರಕ್ತ ತೆಗೆದು ನೋಡಿ, ವೈನಿಯನ್ನು ಮಲಗಿಸಿ ಕೈಗೆ ಸೂಜಿ ಹಚ್ಚಿಸಿದರು. ಕಂದು ಔಷಧ, ಹನಿ ಹನಿ.

ಕಾಸೀಮಬೀ ಅಕ್ಕ ಹೊರಗೆ ಗೋಡೆಗೆ ಒರಗಿದ್ದಳು. ನನ್ನ ಕಡೆ ತಿರುಗಲಿಲ್ಲ. “ಖಾಲಿ ಬಿಟ್ಟಿದ್ರ ನನಗ ತಿಳೀತಿತ್ತು ಗಂಗಾ. ಆ ಖಾನಿ ಇರೂದ ಅದಕ್ಕ.”

ಸೆಪ್ಟೆಂಬರ್ 19, ಶುಕ್ರವಾರ, ಬೆಳಿಗ್ಗೆ

ರಕ್ತ ಎಂಟು ಪಾಯಿಂಟ್ ಒಂದು. ಇನ್ನೂ ಸಾಲದು. ಹೆರಿಗೆ ಕೊಪ್ಪಳದಲ್ಲೇ ಎಂದು ಬರೆದಿದ್ದಾರೆ. ಅವ್ವ ನನ್ನ ಜೊತೆ ಮಾತು ಬಿಟ್ಟಿದ್ದಾಳೆ, ಆದರೆ ವೈನಿ ಗುಳಿಗೆ ತೆಗೆದರೆ ನೀರು ತಂದಿಡುವವಳು ಅವಳೇ. ಅಂಗನವಾಡಿ ಮುಂದೆ ಹಾಯುವುದಿಲ್ಲ ನಾನು. ಹಿಂದಿನ ಓಣಿಯಲ್ಲಿ ಹೋಗುತ್ತೇನೆ.

ಅಕ್ಕ ಹೊಸ ಹಾಳೆ ಕೊಟ್ಟಿದ್ದಾಳೆ, ಎಲುಬಿಗೆ ಕೊಡುವ ಬಿಳಿ ಗುಳಿಗೆಗೆ. ವೈನಿಯ ಕೈಗೆ ಕೊಟ್ಟಳು. ಪೆನ್ನೂ.

ಇವತ್ತು ರೊಟ್ಟಿ ತಿಂದ ಮೇಲೆ ವೈನಿ ಗುಳಿಗೆ ನುಂಗಿ ಪೆನ್ನು ನನ್ನ ಕಡೆ ಚಾಚಿದಳು. “ನೀನ ಹಾಕವ್ವಾ. ನನಗ ಬರೂದಿಲ್ಲ.”

ತೆಗೆದುಕೊಳ್ಳಲಿಲ್ಲ. ಅವಳ ಬೆರಳು ಹಿಡಿದು ಹಾಕಿಸಿದೆ. ರೈಟು ಗೆರೆ ದಾಟಿ ಆಚೆ ಹೋಯಿತು. ಅದರ ಹಿಂದಿನ ಖಾನೆ ಖಾಲಿ — ನಿನ್ನೆ ಮರೆತಿದ್ದಳಂತೆ. ಅದನ್ನು ಹಾಗೇ ಬಿಟ್ಟೆ.