ಒಡೆಯಲೆಂದೇ ಕಟ್ಟಿದ ಗೋಡೆ

ಗದಗ
ಇಸವಿ ಎರಡು ಸಾವಿರದ ಇನ್ನೂರ ಇಪ್ಪತ್ತೊಂದು, ಮೂರನೆಯ ಬೇಸಿಗೆ, ಹದಿನಾಲ್ಕನೆಯ ತಂಪುದಿನ

ಎಂಜಿನಿಯರ್ ದಾಕ್ಷಾಯಿಣಿ ಹೊಂಬಳ ಅವರಿಗೆ,

ತಾರೀಖು ನೋಡಿ ಗಾಬರಿಯಾಗಬೇಡ. ನಮ್ಮಲ್ಲಿ ವರ್ಷಕ್ಕೆ ಮೂರು ಬೇಸಿಗೆ. ಹಗಲು ಹೊತ್ತು ಬೀದಿಗೆ ಇಳಿಯಬಹುದಾದ ದಿನವೇ ತಂಪುದಿನ. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸು. ಲೆಕ್ಕದಲ್ಲಿ ನೀನು ನನ್ನ ಮುತ್ತಜ್ಜಿಗೂ ಹಿರಿಯಳು. ಆದರೆ ಹಳೆಯ ಕಡತದಲ್ಲಿ ನಿನಗೆ ಇಪ್ಪತ್ತೊಂಬತ್ತು, ನನಗೋ ಅರವತ್ತೆರಡು. ಹಾಗಾಗಿ ತಂಗಿ ಎಂದೇ ಕರೆಯುತ್ತೇನೆ.

ನಾನು ನೀಲಗಂಗಾ, ನೀನೀಗ ನಕ್ಷೆ ಬರೆಯುತ್ತಿರುವ ಆಸ್ಪತ್ರೆಯ ಉಸಿರುಗಾರ್ತಿ. ಅಂದರೆ ಅಲ್ಲಿನ ಗಾಳಿ, ನೀರು, ಕರೆಂಟು ನಿಲ್ಲದಂತೆ ನೋಡಿಕೊಳ್ಳುವವಳು. ನೀನು ಹಾಕಿಸಿದ ಪೈಪುಗಳಲ್ಲಿ ಅರ್ಧ ಇನ್ನೂ ಇವೆ. ಪ್ರತಿ ವಾಲ್ವಿನ ಸುತ್ತ ಒಬ್ಬರು ಕೂತು ಪಾನಾ ತಿರುಗಿಸುವಷ್ಟು ಜಾಗ ಬಿಟ್ಟಿದ್ದೀಯಲ್ಲ, ಮಂಡಿನೋವಿನ ನಾನು ದಿನಾ ನಿನ್ನನ್ನು ಹರಸುತ್ತೇನೆ. ನಿನ್ನ ಜನರೇಟರ್ ಕೋಣೆಯಲ್ಲಿ ಈಗ ನರ್ಸುಗಳು ಹಪ್ಪಳ ಒಣಗಿಸುತ್ತಾರೆ. ಬೈದರೂ ಕೇಳುವುದಿಲ್ಲ.

ಯಂತ್ರದ ಕೋಣೆಯ ಪಡುವಣ ಗೋಡೆಗೆ ನಾವು ಗೋಡೆವ್ವ ಎನ್ನುತ್ತೇವೆ. ಅದರ ಮುಂದೆ ಏನೂ ಇಡಬಾರದೆಂಬ ಕಟ್ಟಳೆ ನಿನ್ನ ಕಾಲದ್ದು. ನಡುವೆ ಬಂದ ಯಂತ್ರಗಳು ಬಿಡಿಬಿಡಿಯಾಗಿ ಬಾಗಿಲಿನಿಂದಲೇ ಒಳಹೊಕ್ಕವು. ಕಟ್ಟಳೆ ಉಳಿಯಿತು, ಕಾರಣ ಮರೆತುಹೋಯಿತು. ಜನ ಸುಣ್ಣ ಬಳಿದರು, ಅರಿಶಿನ ಹಚ್ಚಿದರು, ಹೆರಿಗೆಗೆ ಬಂದವರು ಕೈಮುಗಿದರು. ನಾನೂ ಮುಗಿದಿದ್ದೇನೆ, ಸುಳ್ಳೇಕೆ.

ಹೋದ ಬೇಸಿಗೆಯಲ್ಲಿ ಹಸುಗೂಸುಗಳ ವಾರ್ಡಿಗೆ ತಂಪು ಗಾಳಿ ಕೊಡುವ ಎರಡು ಯಂತ್ರಗಳಲ್ಲಿ ಒಂದು ಕೆಟ್ಟಿತು. ಇನ್ನೊಂದು ಏದುಸಿರು ಬಿಡುತ್ತಿತ್ತು. ವಾರ್ಡಿನಲ್ಲಿ ದಿನ ತುಂಬದೆ ಹುಟ್ಟಿದ ಹತ್ತೊಂಬತ್ತು ಕೂಸುಗಳು. ಒಂದು ನನ್ನ ಮಗಳದ್ದು, ಎಂಟು ದಿನದ್ದು. ಹೊಸ ಯಂತ್ರ ಇಡಿಯಾಗಿ ಬಂದು ಅಂಗಳದಲ್ಲಿ ನಿಂತಿತು, ಯಾವ ಬಾಗಿಲಲ್ಲೂ ಹಿಡಿಸಲಿಲ್ಲ. ಗೋಡೆವ್ವನ ಕಡೆಯಿಂದ ಮಾತ್ರ ಒಳಗೆ ತರಬಹುದಿತ್ತು. ಒಡೆಯೋಣ ಎಂದೆ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಒಬ್ಬರೂ ಹಾರೆ ಮುಟ್ಟಲಿಲ್ಲ.

ಗೋಡೆಗೆ ಪೂಜೆ ಮಾಡುವ ಫಕೀರವ್ವ, ಎಂಬತ್ತು ದಾಟಿದವಳು, ಮೊದಲು ಗೋಡೆವ್ವನ ಅಪ್ಪಣೆ ಕೇಳಬೇಕೆಂದು ಹಟ ಹಿಡಿದಳು. ಗೋಡೆಗೆ ನೀರು ಹಾಕಿ ತೆಂಗಿನ ನಾರಿನಿಂದ ತಿಕ್ಕುತ್ತ ಕೂತಳು. ಪದರ ಪದರವಾಗಿ ಸುಣ್ಣ ಬಿಟ್ಟಿತು, ಅಡಿಯಲ್ಲಿ ಕಪ್ಪು ಬಣ್ಣದ ಸಣ್ಣ ಅಕ್ಷರಗಳು ಕಂಡವು. ನಾನು ಗಟ್ಟಿಯಾಗಿ ಓದಿದೆ: "ಯಂತ್ರ ಬದಲಿಸಲು ಈ ಗೋಡೆ ಒಡೆಯಿರಿ. ಸಿಮೆಂಟ್ ಹಾಕಿಲ್ಲ. ಮುಂದೆ ಏನೂ ಇಡಬೇಡಿ. ದಾ. ಹೊಂಬಳ."

"ಆಕೀನೇ ಒಡೀರಿ ಅಂದಮ್ಯಾಲೆ ನಾವ್ಯಾರವ್ವ ತಡ್ಯಾಕ" ಎಂದು ಫಕೀರವ್ವ ಮೊದಲ ಏಟು ತಾನೇ ಹಾಕಿದಳು. ಸಂಜೆಯ ಹೊತ್ತಿಗೆ ಹೊಸ ಯಂತ್ರ ಒಳಗೆ ಕೂತು ಗಾಳಿ ಬಿಟ್ಟಿತು. ನಾನು ನೆಲದ ಮೇಲೆ ಕೂತು ಅತ್ತೆ.

ನಿನ್ನ ಲೆಕ್ಕದಲ್ಲಿ ನಾಳೆ ನಕ್ಷೆಯ ಸಭೆ. ಅದರ ಟಿಪ್ಪಣಿ ನಮ್ಮ ಕಡತದಲ್ಲಿದೆ. ಗೋಡೆಯ ಮುಂದಿನ ಎಂಟು ಅಡಿ ಜಾಗ ದಂಡ, ಅಲ್ಲಿ ಉಗ್ರಾಣ ಮಾಡಿ ಎಂದು ಮೇಲಿನವರು ಹೇಳುತ್ತಾರೆ. ನಿನ್ನ ಪರವಾಗಿ ಒಬ್ಬರೂ ಬಾಯಿ ಬಿಡುವುದಿಲ್ಲ. ನೀನು ಒಪ್ಪಲಿಲ್ಲವೆಂದು ನನಗೆ ಗೊತ್ತು. ಆದರೂ ಆ ಮೇಜಿನ ಮುಂದೆ ಒಂಟಿ ಎಂದುಕೊಳ್ಳಬಾರದಲ್ಲ, ಅದಕ್ಕೇ ಬರೆದೆ. ಹತ್ತೊಂಬತ್ತು ಕೂಸುಗಳು ನಿನ್ನ ಕಡೆಗಿವೆ, ನನ್ನ ಮೊಮ್ಮಗಳ ದನಿಯೇ ಎಲ್ಲಕ್ಕಿಂತ ಜೋರು.

ಗೋಡೆಯನ್ನು ಮತ್ತೆ ಮಣ್ಣಿನಲ್ಲೇ ಕಟ್ಟಿದ್ದೇವೆ. ಪೂಜೆಯೂ ನಡೆದಿದೆ, ಫಕೀರವ್ವ ಕೇಳಬೇಕಲ್ಲ. ನನ್ನದು ಒಂದೇ ಕೋರಿಕೆ, ತಂಗಿ. ಅಕ್ಷರ ಸ್ವಲ್ಪ ದೊಡ್ಡದಾಗಿ ಬರೆ.

ನಿನ್ನ
ನೀಲಗಂಗಾ