ಕೆರೆ ತಿರುವಿನ ಹಾರ್ನ್

ಗಿಂಡಿ, ಚೆನ್ನೈ
ಜನವರಿ 2009

ಸೋಮಣ್ಣ ಮಾವನಿಗೆ ಮಾದೇಶ ಮಾಡುವ ನಮಸ್ಕಾರ.

ನಾನು ಚೆನ್ನಾಗಿದ್ದೇನೆ. ಕಾರ್ಖಾನೆಗಳಲ್ಲಿ ಕೆಲಸ ಕಮ್ಮಿಯಾಗಿ ಲೋಡ್ ಮಾತ್ರ ಬರುತ್ತಿಲ್ಲ. ದೀಪಾವಳಿಯಿಂದ ನನ್ನ ಲಾರಿ ಶೆಡ್ಡಿನ ಹಿಂದೆಯೇ ನಿಂತಿದೆ. ನೀವು ಹೇಳಿಕೊಟ್ಟಂತೆ, ಓಡಲಿ ಬಿಡಲಿ, ದಿನಾ ಬೆಳಿಗ್ಗೆ ಗಾಜು ಒರೆಸಿ ಎಂಜಿನ್ ಸ್ಟಾರ್ಟ್ ಮಾಡುತ್ತಿದ್ದೆ. ಮೊನ್ನೆ ಓನರ್ ಕಿಟ್ಟು ಸಾರ್ ಅದರ ಬ್ಯಾಟರಿ ಬಿಚ್ಚಿಸಿ ಬೇರೆ ಲಾರಿಗೆ ಹಾಕಿಸಿದರು. "ಹಳೇ ಡ್ರೈವರುಗಳಿಗೇ ಟ್ರಿಪ್ ಇಲ್ಲಪ್ಪಾ. ನೀನು ಹೊಸಬ, ಊರಿಗೆ ಹೋಗಿರು. ಲೋಡ್ ಬಂದ ಉಡನೆ ಫೋನ್ ಮಾಡ್ತೀನಿ" ಅಂತ ತಮಿಳು ಬೆರೆಸಿ ಅಂದರು. ಒಳ್ಳೆಯವರು, ಬೈಯೋಣವೆಂದರೂ ಬಾಯಿ ಬರುವುದಿಲ್ಲ.

ನಾನು ಚಿಕ್ಕವನಿದ್ದಾಗ ನೀವು ಮದ್ರಾಸಿನಿಂದ ಲಾರಿಯಲ್ಲಿ ಬರುತ್ತಾ ಕೆರೆ ತಿರುವಿನಲ್ಲಿ ಎರಡು ಸಲ ಹಾರ್ನ್ ಹೊಡೆಯುತ್ತಿದ್ದಿರಿ. ಅತ್ತೆ ಅನ್ನಕ್ಕೆ ಎಸರಿಡುತ್ತಿದ್ದರು, ನಾನು ರಸ್ತೆಗೆ ಓಡುತ್ತಿದ್ದೆ. ಹೋದ ವರ್ಷ ನನ್ನ ಮೊದಲ ಟ್ರಿಪ್ಪಿನಲ್ಲಿ ನಾನೂ ಹಾಗೇ ಹೊಡೆದೆ. ನೀವು ಜಗುಲಿಯಲ್ಲೇ ಕೂತಿದ್ದರೂ ಅತ್ತೆ ಎದ್ದು ಎಸರಿಟ್ಟಿದ್ದರು.

ಊರಲ್ಲಿ ಯಾರಿಗಾದರೂ ಟ್ರ್ಯಾಕ್ಟರ್ ಓಡಿಸುವವರು ಬೇಕೇನೋ, ವಿಚಾರಿಸಿ ನೋಡಿ.

ಶನಿವಾರ ಬಸ್ಸಿನಲ್ಲಿ ಬರುತ್ತೇನೆ. ಹಾರ್ನ್ ಕೇಳಿಸುವುದಿಲ್ಲ. ಎಸರಿಡಲು ಅತ್ತೆಗೆ ನೀವೇ ಹೇಳಬೇಕು.

ನಿಮ್ಮ
ಮಾದೇಶ